ಎಡಗಾಲಿನ ಲೆಕ್ಕ

ನಿವೃತ್ತ ಮೇಷ್ಟ್ರೊಬ್ಬನಿಗೆ ಬೈಸಿಕಲ್ಲಿನ ಪವರ್ ಮೀಟರ್ ಏಕೆ ಬೇಕು ಎಂದು ನಿಮ್ಮಲ್ಲಿ ಹಲವರು ಕೇಳಬಹುದು. ನನ್ನ ಮನೆಯಾಕೆಯೂ ಅದನ್ನೇ ಕೇಳುತ್ತಾಳೆ. ಈಗ ನನ್ನ ಮುಂದಿರುವುದು ಅದಕ್ಕಿಂತ ಒಂದು ಹೆಜ್ಜೆ ಮುಂದಿನ ಪ್ರಶ್ನೆ: ಇರುವ ಮೀಟರನ್ನು ಬಿಟ್ಟು ಹೊಸದನ್ನು ಕೊಳ್ಳಬೇಕೆ, ಬೇಡವೆ? ಬೆಂಗಳೂರಿನಲ್ಲಿರುವ ಮಗ "ನೀವು ಹೂಂ ಎಂದರೆ ಸಾಕು, ನಾಳೆಯೇ ತರಿಸುತ್ತೇನೆ" ಎಂದು ಕಾದು ಕುಳಿತಿದ್ದಾನೆ. ಮೂರು ತಿಂಗಳು ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಆ ಯೋಚನೆಯ ಹಾದಿಯನ್ನು ಇಲ್ಲಿ ಬರೆದಿಡುತ್ತೇನೆ. ಉತ್ತರವನ್ನಷ್ಟೇ ಬರೆದರೆ ಪೂರ್ಣ ಅಂಕವಿಲ್ಲ, ಹಂತಗಳನ್ನೂ ತೋರಿಸಬೇಕು ಎಂದು ಮೂವತ್ತು ವರ್ಷ ನಿಮಗೆ ಹೇಳಿದವನು ನಾನೇ ತಾನೆ!

ಮೊದಲು ಈ ಯಂತ್ರದ ಪರಿಚಯ. ಒಂಬತ್ತು, ಹತ್ತನೆಯ ತರಗತಿಗಳಲ್ಲಿ ನೀವು ಕಲಿತ 'ಸಾಮರ್ಥ್ಯ'ವನ್ನು ನೆನಪಿಸಿಕೊಳ್ಳಿ. ಒಂದು ಸೆಕೆಂಡಿನಲ್ಲಿ ಒಂದು ಜೌಲ್ ಕೆಲಸ ನಡೆದರೆ ಅದು ಒಂದು ವ್ಯಾಟ್. ಪೆಡಲ್ ತುಳಿಯುವಾಗ ನಮ್ಮ ಕಾಲು ಎಷ್ಟು ವ್ಯಾಟ್ ಉತ್ಪಾದಿಸುತ್ತಿದೆ ಎಂಬುದನ್ನು ಪವರ್ ಮೀಟರ್ ಹೇಳುತ್ತದೆ. ಪೆಡಲನ್ನು ಹಿಡಿದಿರುವ ಲೋಹದ ತೋಳಿಗೆ ಕ್ರ್ಯಾಂಕ್ ಎನ್ನುತ್ತಾರೆ. ನಾವು ತುಳಿದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್ ಎಂಬ ತೆಳುವಾದ ಲೋಹದ ಹಾಳೆಯೂ ಜೊತೆಗೇ ಹಿಗ್ಗುತ್ತದೆ, ಕುಗ್ಗುತ್ತದೆ. ಹಿಗ್ಗಿದ ತಂತಿಯ ವಿದ್ಯುತ್ ರೋಧ ಹೆಚ್ಚುತ್ತದೆಯಲ್ಲವೆ? ಆ ಸೂಕ್ಷ್ಮ ಬದಲಾವಣೆಯನ್ನು ಪದವಿಪೂರ್ವ ತರಗತಿಯಲ್ಲಿ ನೀವು ಓದಿದ ವೀಟ್‌ಸ್ಟನ್ ಸೇತುವೆಯೇ ಅಳೆಯುತ್ತದೆ. ಬಲ ತಿಳಿಯಿತು, ಕ್ರ್ಯಾಂಕಿನ ಉದ್ದ ತಿಳಿದಿದೆ, ತಿರುಗುವ ವೇಗ ತಿಳಿಯಿತು. ಮೂರನ್ನೂ ಗುಣಿಸಿದರೆ ವ್ಯಾಟ್ ಸಿಕ್ಕಿತು. ಸ್ಟ್ರೇನ್ ಗೇಜ್ ಹುಟ್ಟಿದ್ದು 1938ರಲ್ಲಿ, ಅಮೆರಿಕದ ಸಿಮನ್ಸ್ ಮತ್ತು ರೂಜ್ ಎಂಬಿಬ್ಬರು ಬೇರೆ ಬೇರೆಯಾಗಿ ನಡೆಸಿದ ಪ್ರಯೋಗಗಳಿಂದ. ಅದನ್ನು ಬೈಸಿಕಲ್ಲಿಗೆ ಒಗ್ಗಿಸಿ, 1986ರಲ್ಲಿ ಎಸ್‌ಆರ್‌ಎಂ ಎಂಬ ಸಂಸ್ಥೆ ಕಟ್ಟಿದವರು ಜರ್ಮನಿಯ ಎಂಜಿನಿಯರ್ ಉಲ್ರಿಚ್ ಶೋಬರರ್.

ನನ್ನ ಬಳಿ ಇರುವುದು ಈ ವಂಶದ ಬಡ ಸದಸ್ಯ. 2021ರಲ್ಲಿ ಮಗ ತನಗೆ ಬೇರೆಯದನ್ನು ಕೊಂಡಾಗ ಹಳೆಯದು ನನ್ನ ಪಾಲಿಗೆ ಬಂದಿತು. ಅದು ಇರುವುದು ಎಡಗಡೆಯ ಕ್ರ್ಯಾಂಕಿನಲ್ಲಿ ಮಾತ್ರ. ಎಡಗಾಲಿನ ಸಾಮರ್ಥ್ಯವನ್ನು ಅಳೆದು, ಅದನ್ನು ಎರಡರಿಂದ ಗುಣಿಸಿ, "ಇಗೋ ನಿನ್ನ ಒಟ್ಟು ಸಾಮರ್ಥ್ಯ" ಎಂದು ತೋರಿಸುತ್ತದೆ. ಬಲಗಾಲು ಏನು ಮಾಡುತ್ತಿದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಮೌಲ್ಯಮಾಪಕನೊಬ್ಬ ಉತ್ತರಪತ್ರಿಕೆಯ ಮೊದಲರ್ಧವನ್ನಷ್ಟೇ ಓದಿ, ಬಂದ ಅಂಕವನ್ನು ಇಮ್ಮಡಿ ಮಾಡಿ ಕಳಿಸಿದ ಹಾಗೆ. ಬಹುಪಾಲು ಮಕ್ಕಳ ವಿಷಯದಲ್ಲಿ ಅದು ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಮೊದಲರ್ಧದಲ್ಲಿ ಎಡವಿ ಉಳಿದರ್ಧದಲ್ಲಿ ಚೆನ್ನಾಗಿ ಬರೆದವನ ಗತಿ?

ಮೂರು ವರ್ಷ ಆ ಪ್ರಶ್ನೆ ಏಳಲಿಲ್ಲ. ಇಲ್ಲಿ ಮೈಸೂರಿನಲ್ಲಿ ವಾರಕ್ಕೆರಡು ಬಾರಿ ಚಾಮುಂಡಿ ಬೆಟ್ಟದ ರಸ್ತೆಯನ್ನು ಏರುವುದು ನನ್ನ ಅಭ್ಯಾಸ. ಅಲ್ಲಿ ನಾನೇ ಗುರುತು ಮಾಡಿಕೊಂಡ ಎರಡು ತಿರುವುಗಳಿವೆ. ಅವುಗಳ ನಡುವಣ ಏರು 150 ಮೀಟರ್. ಅದನ್ನು 18 ನಿಮಿಷಗಳಲ್ಲಿ ಹತ್ತುತ್ತಿದ್ದೆ. ಮೀಟರ್ 115ರಿಂದ 118 ವ್ಯಾಟ್ ತೋರಿಸುತ್ತಿತ್ತು. ಸಂತೋಷವಾಗಿದ್ದೆ.

2024ರ ನವೆಂಬರಿನ ಒಂದು ಮುಂಜಾನೆ, ಅಡ್ಡರಸ್ತೆಯಿಂದ ನುಗ್ಗಿದ ದ್ವಿಚಕ್ರ ವಾಹನವೊಂದು ನನ್ನನ್ನು ಕೆಡವಿತು. ಎಡಮಂಡಿಯ ಚಿಪ್ಪು ಬಿರುಕು ಬಿಟ್ಟಿತು. ಆರು ವಾರ ಕಾಲು ಮಡಿಸದೆ ಮಲಗಿದ್ದಾಯಿತು. ಪಟ್ಟಿ ಬಿಚ್ಚಿದ ದಿನ ನನ್ನ ಎಡತೊಡೆಯನ್ನು ನೋಡಿ ನನಗೇ ಗುರುತು ಸಿಗಲಿಲ್ಲ. ವ್ಯಾಯಾಮ ಚಿಕಿತ್ಸಕಿ ಟೇಪು ಹಿಡಿದು ಅಳೆದರು: ಬಲತೊಡೆಗಿಂತ ಮೂರು ಸೆಂಟಿಮೀಟರ್ ಕಡಿಮೆ. ಸ್ನಾಯು ಕರಗುವುದು ಬೇಗ, ಕೂಡುವುದು ನಿಧಾನ ಎಂದರು. ಅರವತ್ತೈದರ ಹತ್ತಿರದವನಿಗೆ ಇನ್ನೂ ನಿಧಾನ ಎಂದು ಅವರು ಹೇಳಲಿಲ್ಲ, ನಾನು ಅರ್ಥ ಮಾಡಿಕೊಂಡೆ. ಇನ್ನೊಂದು ಎಚ್ಚರಿಕೆಯನ್ನು ಮಾತ್ರ ಬಾಯಿ ಬಿಟ್ಟೇ ಹೇಳಿದರು: "ಎಡಗಾಲಿನ ಭಾರವನ್ನೆಲ್ಲ ಬಲಗಾಲು ಹೊತ್ತರೆ, ಮುಂದೆ ಆ ಮಂಡಿಯೂ ನೋಯುತ್ತದೆ. ಗಮನವಿರಲಿ."

ಗಮನವಿಡುವುದು ಹೇಗೆ? 2025ರ ಏಪ್ರಿಲಿನಲ್ಲಿ ವೈದ್ಯರ ಒಪ್ಪಿಗೆ ಪಡೆದು ಮತ್ತೆ ಬೆಟ್ಟದ ರಸ್ತೆಗೆ ಹೋದೆ. ಅದೇ ಎರಡು ತಿರುವುಗಳ ನಡುವೆ 20 ನಿಮಿಷ ಹಿಡಿಯಿತು. ಮೀಟರ್ ತೋರಿಸಿದ ಸರಾಸರಿ 84. ಮನೆಗೆ ಬಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಸಾಮರ್ಥ್ಯದ ಕಾಲುಭಾಗಕ್ಕಿಂತ ಹೆಚ್ಚು ಹೋಗಿತ್ತು. ಇನ್ನು ಬೆಟ್ಟ ಸಾಕು, ಉದ್ಯಾನದ ಸುತ್ತ ನಡೆಯೋಣ ಎಂದು ಮನಸ್ಸು ಹೇಳತೊಡಗಿತು. ಮಗ ಎರಡೂ ಪೆಡಲುಗಳಲ್ಲಿ ಮಾಪಕವಿರುವ ಹೊಸ ಜೋಡಿಯ ಮಾತೆತ್ತಿದ್ದು ಆ ಸಂಜೆಯೇ. ಅದು ಎಡ ಬಲಗಳನ್ನು ಪ್ರತ್ಯೇಕವಾಗಿ ಅಳೆಯುತ್ತದೆ. ನನಗೆ ಬೇಕಾದದ್ದು ಅದೇ ಅಲ್ಲವೆ?

ರಾತ್ರಿ ನಿದ್ರೆ ಬಾರದೆ ಕಾಗದ, ಪೆನ್ನು ಹಿಡಿದು ಕುಳಿತೆ. ಬೆಟ್ಟವೂ ಒಂದು ಮೀಟರೇ ಎಂಬುದು ಆಗ ಹೊಳೆಯಿತು. ನಾನು, ಬೈಸಿಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ 74 ಕೆ.ಜಿ. ಅದನ್ನು 150 ಮೀಟರ್ ಎತ್ತರಕ್ಕೆ ಏರಿಸಲು ಗುರುತ್ವದ ವಿರುದ್ಧ ಮಾಡಬೇಕಾದ ಕೆಲಸ 74 × 9.8 × 150, ಅಂದರೆ 1,08,780 ಜೌಲ್. ಅದನ್ನು 18 ನಿಮಿಷಗಳ 1080 ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು 101 ವ್ಯಾಟ್. ಟೈರು ಮತ್ತು ಚೈನಿನ ಘರ್ಷಣೆ, ಗಾಳಿಯ ತಡೆ ಇವೆಲ್ಲಕ್ಕೆ ಅಂದಾಜು 15 ಸೇರಿಸಿದರೆ 116. ಬೀಳುವ ಮುಂಚೆ ಮೀಟರ್ ಹೇಳುತ್ತಿದ್ದುದೂ ಅದನ್ನೇ! ಎರಡು ಕಾಲುಗಳೂ ಸಮನಾಗಿದ್ದಾಗ ಬೆಟ್ಟ ಮತ್ತು ಮೀಟರ್ ಒಂದೇ ಮಾತನಾಡುತ್ತಿದ್ದವು.

ಇನ್ನು ಏಪ್ರಿಲಿನ ಲೆಕ್ಕ. ಅದೇ ಕೆಲಸ 1200 ಸೆಕೆಂಡುಗಳಲ್ಲಿ ನಡೆದರೆ 91 ವ್ಯಾಟ್. ನಿಧಾನವಾಗಿ ಹೋದದ್ದರಿಂದ ಘರ್ಷಣೆಗೆ 13 ಸಾಕು. ಒಟ್ಟು 104. ಮೀಟರ್ ಹೇಳಿದ 84 ನಿಜವಾಗಿದ್ದರೆ ನನಗೆ 25 ನಿಮಿಷ ಹಿಡಿಯಬೇಕಿತ್ತು. ಬೆಟ್ಟ ಸುಳ್ಳು ಹೇಳುವುದಿಲ್ಲ, ಗಡಿಯಾರವೂ ಹೇಳುವುದಿಲ್ಲ. ಮೀಟರಿನ 84ರಲ್ಲಿ ಅರ್ಧ 42, ಅದಷ್ಟೇ ಎಡಗಾಲಿನ ನಿಜವಾದ ದುಡಿಮೆ. 104ರಲ್ಲಿ 42 ಕಳೆದರೆ ಉಳಿದದ್ದು 62, ಅದು ಬಲಗಾಲಿನದು. ಎಡಗಾಲು ನೂರರಲ್ಲಿ ನಲವತ್ತು ಪಾಲು, ಬಲಗಾಲು ಅರವತ್ತು ಪಾಲು.

ಈ ಲೆಕ್ಕದಿಂದ ಎರಡು ಸಂಗತಿ ತಿಳಿದವು. ನಾನು ಅಂದುಕೊಂಡಷ್ಟು ಕುಗ್ಗಿರಲಿಲ್ಲ. ಒಟ್ಟು ಸಾಮರ್ಥ್ಯದಲ್ಲಿ ಹೋದದ್ದು ಹತ್ತರಲ್ಲಿ ಒಂದು ಪಾಲು ಮಾತ್ರ. ಆದರೆ ಚಿಕಿತ್ಸಕಿ ಹೆದರಿದ್ದು ನಿಜವಾಗಿತ್ತು. ಮೊದಲು 58 ವ್ಯಾಟ್ ಕೊಡುತ್ತಿದ್ದ ಬಲಗಾಲು ಈಗ ತನ್ನ ಪಾಲಿಗಿಂತ ಹೆಚ್ಚು ಹೊರುತ್ತಿತ್ತು.

ಹೊಸ ಪೆಡಲುಗಳ ಪರವಾಗಿ ಹೇಳಬೇಕಾದದ್ದನ್ನು ಪ್ರಾಮಾಣಿಕವಾಗಿ ಹೇಳುತ್ತೇನೆ. ನನ್ನ ಬೆಟ್ಟದ ಲೆಕ್ಕ ಒರಟು. ಎದುರುಗಾಳಿ ಬೀಸಿದರೆ, ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಐದು ವ್ಯಾಟ್ ಅತ್ತಿತ್ತ ಆಗುತ್ತದೆ. ಆ ದೋಷವೆಲ್ಲ ಬಲಗಾಲಿನ ಖಾತೆಗೇ ಬಂದು ಬೀಳುತ್ತದೆ. ಒಳ್ಳೆಯ ಪೆಡಲ್ ಮೀಟರುಗಳ ನಿಖರತೆ ನೂರಕ್ಕೆ ಒಂದು ಹೆಚ್ಚುಕಡಿಮೆ ಎಂದು ತಯಾರಕರು ಹೇಳುತ್ತಾರೆ. ನನ್ನದು ಮನೆಗೆ ಬಂದ ಮೇಲೆ ಬಿಡಿಸುವ ಲೆಕ್ಕ. ಹೊಸದು ತುಳಿಯುತ್ತಿರುವಾಗಲೇ ತೋರಿಸುತ್ತದೆ. ಸಮತಟ್ಟಾದ ರಸ್ತೆಯಲ್ಲಿ ನನ್ನ ಉಪಾಯ ನಡೆಯುವುದೂ ಇಲ್ಲ, ಅಲ್ಲಿ ಗಾಳಿಯದೇ ದರ್ಬಾರು.

ಆದರೂ ನಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿತ್ತು. ಆ ನಿಖರವಾದ ಅಂಕಿ ಕೈಗೆ ಬಂದರೆ ನಾಳೆ ಬೆಳಿಗ್ಗೆ ನಾನು ಮಾಡುವ ಕೆಲಸ ಬದಲಾಗುತ್ತದೆಯೆ? ಎಡಗಾಲು ನೂರಕ್ಕೆ 40 ಎಂದರೂ ವ್ಯಾಯಾಮ ಅದೇ, 38 ಎಂದರೂ ಅದೇ, 42 ಎಂದರೂ ಅದೇ. ಕುರ್ಚಿಯಿಂದ ಒಂಟಿ ಕಾಲಿನಲ್ಲಿ ಏಳುವುದು, ಮೆಟ್ಟಿಲನ್ನು ಎಡಗಾಲಿನಿಂದ ಹತ್ತುವುದು, ಬೆಟ್ಟದಲ್ಲಿ ಹಗುರವಾದ ಗೇರಿನಲ್ಲಿ ತುಳಿಯುವುದು. ಆರೋಗ್ಯವಂತರಲ್ಲೂ ಎಡ ಬಲ ಸರಿಯಾಗಿ ಐವತ್ತು ಐವತ್ತು ಇರುವುದಿಲ್ಲ. ಒಂದೆರಡು ಪಾಲು ಆ ಕಡೆ ಈ ಕಡೆ ಇರುವುದು ಸಹಜ, ತುಳಿತದ ತೀವ್ರತೆಯೊಂದಿಗೆ ಅದು ಬದಲಾಗುವುದೂ ಸಹಜ. ತಿರುವುಗಳಿರುವ ರಸ್ತೆಯಲ್ಲಿ ಕ್ಷಣಕ್ಷಣಕ್ಕೂ ಆ ಅಂಕಿಯನ್ನು ನೋಡುತ್ತಾ ಹೋಗುವುದು ನನ್ನ ವಯಸ್ಸಿಗೆ ಒಳ್ಳೆಯದೂ ಅಲ್ಲ.

ಮೂರು ತಿಂಗಳು ಕಾದು ನೋಡಿದೆ. ಜುಲೈನಲ್ಲಿ ಅದೇ ಏರನ್ನು 19 ನಿಮಿಷಗಳಲ್ಲಿ ಹತ್ತಿದೆ. ಬೆಟ್ಟದ ಲೆಕ್ಕ 109, ಮೀಟರಿನ ಅಂಕಿ 98. ಅಂದರೆ ಎಡಗಾಲು 49, ಬಲಗಾಲು 60. ಹೆಚ್ಚಿದ್ದೆಲ್ಲ ಎಡಗಾಲಿನದು! ತೊಡೆಯ ಸುತ್ತಳತೆಯ ವ್ಯತ್ಯಾಸ ಮೂರರಿಂದ ಒಂದೂವರೆ ಸೆಂಟಿಮೀಟರಿಗೆ ಇಳಿದಿದೆ ಎಂದು ದರ್ಜಿಯ ಟೇಪು ಸಾಕ್ಷಿ ಹೇಳಿತು. ಮಗನಿಗೆ ಫೋನು ಮಾಡಿ, ಪೆಡಲು ಬೇಡಪ್ಪ ಎಂದೆ. ಎಡಗಾಲನ್ನು ಮಾತ್ರ ಅಳೆಯುವ ಯಂತ್ರ, ಎಡಗಾಲಿಗೇ ಪೆಟ್ಟು ಬಿದ್ದ ನನಗೆ ಬೇಕಾದದ್ದನ್ನೇ ಹೇಳುತ್ತಿದೆ.

ನಿಮ್ಮಲ್ಲಿ ಬೈಸಿಕಲ್ ತುಳಿಯುವವರು ಇದನ್ನು ನೋಡಿ, ಮೇಷ್ಟ್ರು ಹೊಸದನ್ನು ಕೊಳ್ಳಬೇಡಿ ಎಂದರು ಎಂದು ತಿಳಿಯಬಾರದು. ಸ್ಪರ್ಧೆಗೆ ಇಳಿಯುವವರಿಗೆ ಎರಡು ವ್ಯಾಟಿನ ವ್ಯತ್ಯಾಸಕ್ಕೂ ಬೆಲೆಯಿದೆ. ಪೆಟ್ಟು ಬಿದ್ದದ್ದು ಬಲಗಾಲಿಗಾಗಿದ್ದರೆ ನನ್ನ ಮೀಟರ್ ಅದರ ಸುಳಿವನ್ನೇ ಕೊಡುತ್ತಿರಲಿಲ್ಲ, ಆಗ ನಾನೂ ಕೊಳ್ಳುತ್ತಿದ್ದೆನೇನೋ. ಪ್ರತಿದಿನ ಶೂನ್ಯಕ್ಕೆ ಹೊಂದಿಸಿದರೂ ಅಂಕಿಗಳು ಅಡ್ಡಾದಿಡ್ಡಿ ಓಡುತ್ತಿದ್ದರೆ ಆ ಮೀಟರನ್ನು ಇಟ್ಟುಕೊಂಡು ಪ್ರಯೋಜನವಿಲ್ಲ. ದಿನವೂ ಐದು ನಿಮಿಷ ಮುಂದಿರುವ ಗಡಿಯಾರದಿಂದ ಬಾಳಬಹುದು. ಇಂದು ಮುಂದೆ, ನಾಳೆ ಹಿಂದೆ ಓಡುವ ಗಡಿಯಾರದಿಂದ ಬಾಳಲಾಗದು.

2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ ಕೊಡುವ ಯೋಜನೆ ಆರಂಭಿಸಿದ ಮೇಲೆ, ನಿಮ್ಮಲ್ಲಿ ಅನೇಕರು ಅದರಲ್ಲೇ ಶಾಲೆಗೆ ಬಂದವರು. ನಿಮ್ಮೂರಿನ ಏರನ್ನು ಯಾವ ಮೀಟರೂ ಇಲ್ಲದೆ ಹತ್ತಿದ್ದೀರಿ. ಆ ಏರಿನ ಎತ್ತರ ಎಷ್ಟು, ನಿಮ್ಮ ತೂಕ ಎಷ್ಟು, ಹಿಡಿಯುತ್ತಿದ್ದ ಹೊತ್ತು ಎಷ್ಟು ಎಂಬುದನ್ನು ನೆನಪಿಸಿಕೊಂಡು, ಆಗ ನಿಮ್ಮ ಸಾಮರ್ಥ್ಯ ಎಷ್ಟು ವ್ಯಾಟ್ ಇತ್ತೆಂದು ಲೆಕ್ಕ ಹಾಕಿ ನನಗೆ ಬರೆಯಿರಿ. ಹಂತಗಳನ್ನು ತೋರಿಸುವುದನ್ನು ಮರೆಯಬೇಡಿ.