ಮೂರಾಳು ನೀರು

ಪಾತಾಳಗರಡಿ ಅಂದರೆ ಏನೆಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಮಕ್ಕಳೇ. ಅದು ಕಬ್ಬಿಣದ ಕೊಕ್ಕೆಗಳ ಗೊಂಚಲು. ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟು, ಬಿದ್ದುಹೋದ ಬಿಂದಿಗೆಯನ್ನು ತಡಕಿ ಎತ್ತುತ್ತಿದ್ದರು. ಅತ್ತಿಬೆಲೆಯ ನಮ್ಮ ಬೀದಿಗೆಲ್ಲ ಅಂಥದ್ದು ಒಂದೇ ಇತ್ತು. ಅದಕ್ಕೂ ಸಿಗದಿದ್ದರೆ ಈಜು ಬಲ್ಲ ಹುಡುಗರು ಮುಳುಗಬೇಕು. ಸೊಂಟಕ್ಕೊಂದು ಹಗ್ಗ, ಎದೆ ತುಂಬ ಉಸಿರು, ಅಷ್ಟೇ ಸಲಕರಣೆ. ಆಳವನ್ನು ಆಗ ಅಡಿಯಲ್ಲಿ ಹೇಳುತ್ತಿರಲಿಲ್ಲ. ಎರಡಾಳು ನೀರು, ಮೂರಾಳು ನೀರು ಎನ್ನುತ್ತಿದ್ದರು. ಮೂರಾಳಿನ ತಳ ಮುಟ್ಟುವ ಹೊತ್ತಿಗೆ ಕಿವಿಯೊಳಗೆ ಮೊಳೆ ಹೊಡೆದಂಥ ನೋವು. ಯಾಕೆಂದು ಹೇಳುವವರು ಇರಲಿಲ್ಲ.

ಕಾರಣ ಹೇಳಿದವಳು ನನ್ನ 11 ವರ್ಷದ ಮೊಮ್ಮಗಳು. ಬೆಂಗಳೂರಿನ ಈಜುಕೊಳವೊಂದರಲ್ಲಿ ಅವಳು ಸ್ಕೂಬಾ ಕಲಿಯುತ್ತಿದ್ದಾಳೆ.

"ನೀರು ಹೊರಗಿಂದ ಕಿವಿಯ ತಮಟೆಯನ್ನ ಒತ್ತುತ್ತೆ ತಾತ. ಮೂಗು ಹಿಡ್ಕೊಂಡು ಮೆಲ್ಲಗೆ ಊದಿದ್ರೆ ಒಳಗಿಂದಾನೂ ಗಾಳಿ ಬಂದು ಸಮ ಆಗುತ್ತೆ. ನೋವು ಬರೋಕೆ ಮುಂಚೆನೇ ಊದಬೇಕು."

ಸಮುದ್ರ ನೋಡಲು ಒಂದು ರಾತ್ರಿ ಬಸ್ಸಿನಲ್ಲಿ ಕೂರಬೇಕಾದ ಊರಿನವಳಿಗೆ ಇದೆಲ್ಲ ಯಾಕೆ ಎಂಬುದು ಅವಳ ಅಜ್ಜಿಯ ತಕರಾರು. ದುರ್ಯೋಧನ ಹೋಗಿ ಅಡಗಿದ್ದು ಸಮುದ್ರದಲ್ಲಲ್ಲ, ವೈಶಂಪಾಯನ ಸರೋವರದಲ್ಲಿ, ಅದೂ ಸಿಹಿನೀರೇ ಎಂದು ನಾನು ಮೊಮ್ಮಗಳ ಪರ ವಾದಿಸಿದೆ. ಅವಳು ಅದಕ್ಕೊಂದು ಬಾಲ ಸೇರಿಸಿದಳು. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಓಡುತ್ತದಂತೆ. ಎರಡು ಕಿವಿಗೂ ಒಂದೇ ಸಲಕ್ಕೆ ಬಂದಂತಾಗಿ, ಭೀಮ ಯಾವ ದಡದಲ್ಲಿ ನಿಂತು ಕೂಗಿದನೆಂದು ಕೌರವನಿಗೆ ತಿಳಿದಿರಲಿಕ್ಕಿಲ್ಲ!

ಬೆನ್ನಿಗೆ ಕಟ್ಟುವುದು ಆಕ್ಸಿಜನ್ ಸಿಲಿಂಡರ್ ಎಂದು ನಾನೂ ತಿಳಿದಿದ್ದೆ. ಅಲ್ಲ, ಅದರಲ್ಲಿರುವುದು ನಾವು ಉಸಿರಾಡುವ ಗಾಳಿಯೇ. 12 ಲೀಟರ್ ಸಿಲಿಂಡರಿನಲ್ಲಿ ಸುಮಾರು 2,400 ಲೀಟರ್ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಕೇಳಿದಾಗ ಕೇಳಿದಷ್ಟು ಗಾಳಿ ಕೊಡುವ ಉಪಕರಣವನ್ನು 1943ರಲ್ಲಿ ಫ್ರಾನ್ಸಿನ ಕೂಸ್ಟೋ ಮತ್ತು ಗಾನ್ಯಾನ್ ರೂಪಿಸಿದರು. ಇದರ ಮೊದಲ ನಿಯಮ ನಮ್ಮ ಬಾವಿಯ ನಿಯಮಕ್ಕೆ ತಿರುಗುಮುರುಗು: ಉಸಿರು ಕಟ್ಟಲೇಬಾರದು. 10 ಮೀಟರ್ ಆಳದಲ್ಲಿ ಊದಿದ ಬಲೂನು ಮೇಲೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಉಸಿರು ಹಿಡಿದು ಮೇಲೇರಿದರೆ ಶ್ವಾಸಕೋಶದ ಗತಿಯೂ ಅದೇ.

ನೀರೊಳಗೆ ಮಾತೆಲ್ಲ ಕೈಯಲ್ಲಿ. ಹೆಬ್ಬೆರಳು ಎತ್ತಿದರೆ 'ಮೇಲೆ ಹೋಗೋಣ' ಎಂದರ್ಥ. 'ಸರಿಯಾಗಿದೆ' ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಊಟದಲ್ಲಿ ಸಾರು ಹೇಗಿದೆ ಎಂದರೆ ಇವಳು ಸೊನ್ನೆ ತೋರಿಸುತ್ತಾಳೆ, ಅಜ್ಜಿಗೆ ಸಿಟ್ಟು.

ನನ್ನ ಚಿಂತೆ ಇವಳದಲ್ಲ, ಇವಳ ಅಣ್ಣನದು. ನಮ್ಮ ಸುತ್ತ ಕಲ್ಲು ತೆಗೆದು ಬಿಟ್ಟ ಕ್ವಾರಿಗಳಿವೆ. ಮಳೆನೀರು ತುಂಬಿ ಹಸಿರಾಗಿ, ಬೇಸಿಗೆಯಲ್ಲಿ ಹುಡುಗರನ್ನು ಕರೆಯುತ್ತವೆ. ಬಾವಿಗಳು ಬತ್ತಿವೆ, ಕೆರೆಯಲ್ಲಿ ಕಾಲಿಡಲು ಹೇಸಿಗೆ. ಮಕ್ಕಳು ಇನ್ನೆಲ್ಲಿ ಹೋದಾರು? ಪಕ್ಕದ ಬೀದಿಯ ಮನೆಯೊಂದರಲ್ಲಿ, ಹಾಗೆ ಈಜಲು ಹೋದ ಹುಡುಗನ ಸೈಕಲ್ಲು ಇನ್ನೂ ಗೋಡೆಗೆ ಒರಗಿದೆ.

ಇಂಗ್ಲೆಂಡಿನ ಒಳನಾಡಿನಲ್ಲಿ ಸ್ಟೋನಿ ಕೋವ್ ಎಂಬ ಜಾಗವಿದೆ. ಅದೂ ಹಳೆಯ ಗ್ರಾನೈಟ್ ಕ್ವಾರಿಯೇ, ಸುಮಾರು 35 ಮೀಟರ್ ಆಳ. ಇಂದು ಅದು ಹೆಸರುವಾಸಿ ಸ್ಕೂಬಾ ತರಬೇತಿ ತಾಣ. ಹಳ್ಳ ಅದೇ, ನೀರೂ ಅದೇ. ಅಲ್ಲಿ ಆಳ ಅಳೆದಿದ್ದಾರೆ, ಇಳಿಯಲು ದಾರಿಯಿದೆ, ಕಾಯುವವರಿದ್ದಾರೆ. ನಮ್ಮಲ್ಲಿ ಗೋಡೆಯಂತೆ ನೆಟ್ಟಗೆ ಕಡಿದ ಬಂಡೆ. ಹತ್ತಲು ಕೈಗೆ ಹಿಡಿತವಿಲ್ಲ, ಕೆಳಗೆ ಏನು ಬಿದ್ದಿದೆಯೋ ಕಾಣದು. ಸಾಲದ್ದಕ್ಕೆ ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. 300 ಮೀಟರ್ ದಾಟಿದರೆ ಸ್ಕೂಬಾದವರಿಗೆ ಅದು ಬೆಟ್ಟದ ಕೊಳದ ಲೆಕ್ಕ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಎಷ್ಟು ಆಳ, ಎಷ್ಟು ಹೊತ್ತು ಎಂಬ ಪಟ್ಟಿಯೇ ಬೇರೆ.

ಬಲ್ಲವರಿಗೂ ಕದಡಿದ ನೀರು ಸುಲಭವಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ನೌಕಾಪಡೆಯ ಮುಳುಗುಗಾರರೂ ಮಲ್ಪೆಯ ಈಶ್ವರ ಮಲ್ಪೆಯವರೂ ಗಂಗಾವಳಿ ನದಿಗಿಳಿದು ಹುಡುಕಿದರು. ಮಣ್ಣಿನಡಿ ಸೇರಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ.

ಇದನ್ನೆಲ್ಲ ನಾನು ಅಣ್ಣನಿಗೆ ಹೇಳಿದರೆ ಉಪದೇಶವಾಗುತ್ತಿತ್ತು. ತಂಗಿ ಒಂದೇ ಪ್ರಶ್ನೆ ಕೇಳಿದಳು: "ಆ ಕ್ವಾರಿ ತಳ ನೀನು ನೋಡಿದ್ದೀಯೇನೋ?" ಅವನು ಉತ್ತರ ಕೊಡಲಿಲ್ಲ. ಮರುದಿನ ಗೆಳೆಯರು ಬಂದು ಕರೆದಾಗ ಟವೆಲ್ಲು ಬಿಟ್ಟು ಬ್ಯಾಟು ಹಿಡಿದು ಹೋದ. ಈಗ ಭಾನುವಾರಗಳಲ್ಲಿ ತಂಗಿಯ ಜೊತೆ ಈಜುಕೊಳಕ್ಕೆ ಹೊರಡುತ್ತಾನೆ.

ಕಲಿಕೆಯ ಕೊನೆಯ ಹಂತಕ್ಕೆ ಇವಳು ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ಉಪ್ಪುನೀರು ಹೆಚ್ಚು ತೇಲಿಸುವುದರಿಂದ ಅಲ್ಲಿ ಸೊಂಟಕ್ಕೆ ಸೀಸದ ತೂಕ ಇನ್ನಷ್ಟು ಕಟ್ಟಿಕೊಳ್ಳಬೇಕಂತೆ. 10 ತುಂಬಿದ ಯಾರೂ ಕಲಿಯಬಹುದು. ಮೇಲಿನ ವಯಸ್ಸಿಗೆ ಮಿತಿಯಿಲ್ಲ, ವೈದ್ಯರು ಒಪ್ಪಬೇಕು, ಅಷ್ಟೆ. ನನಗೀಗ 67. ಕಿವಿ ಡಾಕ್ಟರು ಬರುವ ಮಂಗಳವಾರ ಬರಹೇಳಿದ್ದಾರೆ.