ಶುಕ್ರವಾರದ ಅರ್ಧ ಗಂಟೆ

2024ರ ಜುಲೈ 1ರಂದು ಮೂರು ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದಾಗ, ಇಪ್ಪತ್ತು ವರ್ಷಗಳಿಂದ ಬಾಯಿಪಾಠವಾಗಿದ್ದ ಕಲಮುಗಳೆಲ್ಲ ಒಮ್ಮೆಲೇ ಅಪರಿಚಿತವಾದವು. ಕೊಲೆಯ 302 ಈಗ 103. ವಂಚನೆಯ 420 ಈಗ 318ರೊಳಗೆ ಸೇರಿಕೊಂಡಿದೆ. ಇವಕ್ಕಿಂತ ದೊಡ್ಡ ಬಲೆ 482. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು ಹೈಕೋರ್ಟಿನ ಅಂತರ್ಗತ ಅಧಿಕಾರದ ಕಲಮು. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ಅಂಕೆ ನಿರೀಕ್ಷಣಾ ಜಾಮೀನಿಗೆ ಸಂದಿದೆ. ನಾನೋ ಜಾಮೀನು ಅರ್ಜಿಯೊಂದರಲ್ಲಿ ಅಭ್ಯಾಸಬಲದಿಂದ ಹಳೆಯ 438 ಎಂದೇ ನಮೂದಿಸಿದ್ದೆ. ಅದನ್ನು ಕಂಡವರು ಕಾಸರಗೋಡಿನ ವಕೀಲರ ಕೊಠಡಿಯಲ್ಲಿ ನನ್ನೆದುರು ಕುಳಿತುಕೊಳ್ಳುವ ಕಿರಿಯ ನ್ಯಾಯವಾದಿ. ಕಕ್ಷಿದಾರ ಪಕ್ಕದಲ್ಲಿದ್ದುದರಿಂದ ಆಕೆ ಏನೂ ಹೇಳಲಿಲ್ಲ. ಅವನು ಚಹಾ ಕುಡಿಯಲು ಹೊರಟ ಮೇಲೆ, “ಸಾರ್, ಇದೊಂದು ನೋಡಿ” ಎಂದು ಮಲೆಯಾಳದಲ್ಲಿ ಮೆಲ್ಲನೆ ಅಂದರು.

ನನಗೆ ನಾಚಿಕೆಯಾದುದು ತಪ್ಪಿಗಲ್ಲ. ಕೆಲವು ವರ್ಷಗಳ ಹಿಂದೆ ಸಹೋದ್ಯೋಗಿಯೊಬ್ಬರ ತಪ್ಪನ್ನು ನಾನು ಅವರ ಕಕ್ಷಿದಾರನ ಎದುರಿಗೇ ತಿದ್ದಿದ್ದೆ. ಮರುವಾರವೇ ಆತ ಬೇರೆ ವಕೀಲರ ಬಳಿಗೆ ಹೋದ. ಆಗ ನನಗೆ ಹೆಮ್ಮೆಯೆನಿಸಿತ್ತೆಂಬುದನ್ನೂ ಮುಚ್ಚಿಡಲಾರೆ. ಆ ಗೆಳೆಯರು ಇಂದಿಗೂ ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತನಾಡುತ್ತಾರೆ.

ಋಣ ತೀರಿಸುವ ಸಂದರ್ಭ ಬೇಗನೇ ಒದಗಿತು. ಆಕೆಯ ಕೈಯಲ್ಲಿ ಪಾಲಿನ ದಾವೆಯೊಂದಿತ್ತು. ಆಧಾರ, 1956ರ ಹಿಂದೆ, ಈ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ ಬರೆದ ಕನ್ನಡದ ದಸ್ತಾವೇಜು. ಆಕೆ ಓದಿದ್ದು ಮಲೆಯಾಳ ಮಾಧ್ಯಮದಲ್ಲಿ; ಭಾಷಾಂತರವನ್ನೇ ನಂಬಬೇಕು. ಅದರಲ್ಲಿ ‘ಬೆಟ್ಟು’ ಎಂಬುದನ್ನು ಗುಡ್ಡವೆಂದು ಅನುವಾದಿಸಿದ್ದರು! ನಮ್ಮ ಕಡೆ ಬೈಲು, ಮಜಲು, ಬೆಟ್ಟು ಮೂರೂ ಗದ್ದೆಗಳೇ: ನೀರು ನಿಲ್ಲುವ ತಗ್ಗಿನದು ಬೈಲು, ನಡುವಿನದು ಮಜಲು, ಮಳೆಯನ್ನೇ ನಂಬಿ ಒಂದೇ ಬೆಳೆ ಕೊಡುವ ಎತ್ತರದ್ದು ಬೆಟ್ಟು. ಅನುವಾದ ಹಾಗೆಯೇ ಉಳಿದಿದ್ದರೆ ಆ ಮುದುಕಿಯ ಪಾಲಿನ ಗದ್ದೆ ಕಾಗದದ ಮೇಲೆ ಗುಡ್ಡವಾಗಿ, ಚಕ್ಕುಬಂದಿ ಎಲ್ಲಿಯೂ ಹೊಂದದೆ ಹೋಗುತ್ತಿತ್ತು. ನಾನೂ ಕಕ್ಷಿದಾರೆ ಹೊರಟು ಹೋಗುವವರೆಗೆ ಕಾದೆ.

ಅಂದಿನಿಂದ ಶುಕ್ರವಾರ ಊಟದ ಬಿಡುವಿನಲ್ಲಿ ಅರ್ಧ ಗಂಟೆ ಕುಳಿತುಕೊಳ್ಳುತ್ತೇವೆ. ಆಕೆ ನನಗೆ ಇ-ಫೈಲಿಂಗ್, ಹೊಸ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ, ಅದರಲ್ಲಿ ಬರೆಯಬೇಕಾದ ಹ್ಯಾಷ್ ಸಂಖ್ಯೆ ಇವನ್ನೆಲ್ಲ ಕಲಿಸುತ್ತಾರೆ. ನಾನು ಮೂಲಗೇಣಿ, ಚಾಲಗೇಣಿ, ಕುಮ್ಕಿಗಳನ್ನು ಬಿಡಿಸುತ್ತೇನೆ. ಹಿರಿಯರೊಬ್ಬರು, “ಈ ಪ್ರಾಯದಲ್ಲಿ ಮಕ್ಕಳ ಹತ್ತಿರ ಪಾಠವೋ ಮಾರಾಯ?” ಎಂದು ನಕ್ಕರು. ಅವರ ಇ-ಫೈಲಿಂಗ್ ಅವರ ಗುಮಾಸ್ತನೇ ಮಾಡುತ್ತಾನೆ, ನಗಬಹುದು.

ಕಳೆದ ವಾರ ಆಕೆ ಹಳೆಯ ಗೇಣಿಚೀಟಿನ ಎರಡು ಸಾಲುಗಳನ್ನು ತಾವೇ ತಡವರಿಸುತ್ತ ಓದಿದರು. ಮೂರನೆಯ ಸಾಲಿನ ಒಂದು ಪದದಲ್ಲಿ ಬೆರಳಿಟ್ಟು ನನ್ನತ್ತ ನೋಡಿದರು. ಅದು ನನಗೂ ತಿಳಿಯಲಿಲ್ಲ. ಈ ಭಾನುವಾರ ಮಧೂರಿನ ಕಡೆಗೆ ಹೋಗಿ, ಶ್ಯಾನುಭೋಗಿಕೆ ನಡೆಸಿದ್ದ ಮನೆತನದ ಹಿರಿಯರೊಬ್ಬರನ್ನು ಕೇಳಬೇಕೆಂದಿದ್ದೇನೆ.