ಟೈರು ಹಿಡಿಯಿತು, ಆಕ್ಸಲ್ ಬಿಟ್ಟಿತು

1972ರ ಜನವರಿ. ಪನಾಮದಲ್ಲಿ ರಸ್ತೆ ಮುಗಿದುಹೋಯಿತು.

ಅಲಾಸ್ಕದಿಂದ ಹೊರಟ ಎರಡು ರೇಂಜ್ ರೋವರ್ ಗಾಡಿಗಳು ಹಿಮ ದಾಟಿ, ಮರುಭೂಮಿ ದಾಟಿ, ಸಾವಿರಾರು ಕಿಲೋಮೀಟರ್ ಡಾಂಬರು ಸವೆಸಿ ಅಲ್ಲಿಗೆ ಬಂದು ನಿಂತಿದ್ದವು. ಎದುರಿಗೆ ಡೇರಿಯನ್. ಕೊಲಂಬಿಯಾದಲ್ಲಿ ಮತ್ತೆ ರಸ್ತೆ ಸಿಗಬೇಕಾದರೆ ಸುಮಾರು 400 ಕಿ.ಮೀ. ಹೋಗಬೇಕು. ಕಾಡು, ಕೊರಕಲು, ಹೊಳೆ, ಅದಾದ ಮೇಲೆ ಅಟ್ರಾಟೊ ನದಿಯ ಜೌಗು. ಸೇತುವೆಯೊಂದೂ ಇಲ್ಲ.

ಇದಕ್ಕೆ ಮೊದಲು ದಾಟಿದವರು ಇರಲಿಲ್ಲವೆಂದಲ್ಲ. 1960ರಲ್ಲಿ ಒಂದು ಲ್ಯಾಂಡ್ ರೋವರ್, ಒಂದು ಜೀಪು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ತೆವಳಿ ಆಚೆ ದಡ ಕಂಡಿದ್ದವು. ಈ ಸಲದ ನಾಯಕ ಬ್ರಿಟಿಷ್ ಸೇನೆಯ ಎಂಜಿನಿಯರ್ ದಳದ ಮೇಜರ್ ಜಾನ್ ಬ್ಲ್ಯಾಶ್‌ಫೋರ್ಡ್-ಸ್ನೆಲ್. ನಾಲ್ಕು ವರ್ಷ ಹಿಂದೆ ನೀಲಿ ನೈಲ್ ನದಿಗೆ ದೋಣಿ ಇಳಿಸಿ ಬಂದ ಗಟ್ಟಿಗ. ಆದರೆ ಅವನ ಕೈಯಲ್ಲಿದ್ದದ್ದು ಯುದ್ಧದ ಟ್ರಕ್ಕಲ್ಲ. ಮಾರುಕಟ್ಟೆಗೆ ಬಂದು ಎರಡು ವರ್ಷವೂ ತುಂಬದ, ಸಾಹುಕಾರರು ಪೇಟೆಗೂ ತೋಟಕ್ಕೂ ಓಡಿಸುವ ಕಾರು!

ವಿ8 ಎಂಜಿನ್, ಮೂರೂವರೆ ಲೀಟರ್. ನಾಲ್ಕೂ ಚಕ್ರಕ್ಕೆ ಸದಾ ಎಳೆತ. ಎಲೆಪಟ್ಟಿಗಳ ಬದಲು ಸುರುಳಿ ಸ್ಪ್ರಿಂಗ್. ಮುಂದೆ ವಿಂಚ್ ಕಟ್ಟಿದರು, ತಲೆಯ ಮೇಲೆ ಕ್ಯಾರಿಯರ್ ಹೇರಿದರು. ಕಾಡಿನ ಬಾಯಲ್ಲಿ ಕೊನೆಯದೊಂದು ಕೆಲಸ ಮಾಡಿದರು. ಮಾಮೂಲಿ ಟೈರು ಬಿಚ್ಚಿದರು. ಜೌಗಿನ ಮೇಲೆ ಗಾಡಿ ಹೂತುಹೋಗದಿರಲೆಂದು ಭಾರಿ ಗಾತ್ರದ, ದಪ್ಪ ಹೊಟ್ಟೆಯ ಟೈರು ಏರಿಸಿದರು.

ಗಾಡಿ ಎತ್ತರವಾಯಿತು. ನೋಟಕ್ಕೆ ರಾಕ್ಷಸನಾಯಿತು. ಕೆಸರನ್ನು ತುಳಿದು ನಡೆಯಿತು.

ಆಮೇಲೆ ಡಿಫರೆನ್ಷಿಯಲ್ ಒಡೆಯಿತು.

ಒಡೆದದ್ದು ಒಂದೇ ಅಲ್ಲ. ಬದಲಿಗೆ ಹಾಕಿದ್ದೂ ಒಡೆಯಿತು. ಎಂಜಿನ್ ಗುಡುಗುತ್ತಿದೆ, ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತಿದೆ, ಹೌಸಿಂಗ್ ಒಳಗೆ ಹಲ್ಲು ಮುರಿದ ಗೇರುಗಳು ಕಟಕಟ ಕಡಿಯುತ್ತಿವೆ, ಚಕ್ರ ಮಾತ್ರ ಅಲುಗುತ್ತಿಲ್ಲ. ಹತ್ತಿರದ ಗ್ಯಾರೇಜು ಎಲ್ಲಿ? ಇಂಗ್ಲೆಂಡಿನಲ್ಲಿ!

ತಪ್ಪು ಯಾರದು? ಲೆಕ್ಕ ಹಾಕಿ ನೋಡಿ. ಆ ಗಾಡಿಯ ಮೊದಲ ಗೇರು ಎಂಜಿನ್ನಿನ ತಿರುಚುಬಲವನ್ನು ನಾಲ್ಕು ಪಟ್ಟು ಮಾಡುತ್ತದೆ. ಲೋ ಗೇರ್ ಅದನ್ನು ಮೂರು ಪಟ್ಟಿಗೂ ಮೇಲೆ ಹಿಗ್ಗಿಸುತ್ತದೆ. ಆಕ್ಸಲ್ ಒಳಗಿನ ಕ್ರೌನ್-ಪಿನಿಯನ್ ಇನ್ನೊಂದು ಮೂರೂವರೆ ಪಟ್ಟು. ಒಟ್ಟಿಗೆ ಹತ್ತಿರಹತ್ತಿರ 48 ಪಟ್ಟು. ಅಷ್ಟೂ ಬಲ ಹಾದುಹೋಗಬೇಕಾದದ್ದು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಹಲ್ಲುಚಕ್ರಗಳ ಮೂಲಕ.

ಮಾಮೂಲಿ ಟೈರಿದ್ದಾಗ ಅಪಾಯ ಬಂದರೆ ಟೈರೇ ಜಾರಿ ಬಲವನ್ನು ಕೆಸರಿಗೆ ಚೆಲ್ಲಿಬಿಡುತ್ತದೆ. ದೊಡ್ಡ ಟೈರು ಜಾರುವುದಿಲ್ಲ, ಕಚ್ಚಿಕೊಳ್ಳುತ್ತದೆ. ಜೊತೆಗೆ ತ್ರಿಜ್ಯ ಹೆಚ್ಚಿದಷ್ಟೂ ಅದೇ ಏರನ್ನು ಹತ್ತಲು ಶಾಫ್ಟ್ ಹೆಚ್ಚು ತಿರುಚಿಕೊಳ್ಳಬೇಕು. ಗಾಳಿಯಲ್ಲಿ ಗಿರಗಿರ ತಿರುಗುತ್ತಿದ್ದ ಭಾರದ ಚಕ್ರ ಒಂದು ಬೇರಿಗೆ ತಟ್ಟಿ ತಟಕ್ಕನೆ ನಿಂತಿತೋ, ಅಷ್ಟೂ ಪೆಟ್ಟು ಒಳಕ್ಕೆ ಹೋಗುತ್ತದೆ. ಎಲ್ಲಿ ಬಲ ಕಡಿಮೆಯೋ ಅಲ್ಲಿ ಮುರಿಯುತ್ತದೆ.

ಬೇಸಿಗೆ ಕಳೆಯುತ್ತಿತ್ತು. ಮಳೆ ಹಿಡಿದರೆ ಅಟ್ರಾಟೊ ಯಾರನ್ನೂ ಬಿಡುವುದಿಲ್ಲ. ಗಾಡಿಗಳು ಕಾಡಿನ ನಡುವೆ ಮಕಾಡೆ ಮಲಗಿದ್ದವು.

ಪನಾಮದಲ್ಲಿ ಕೊಂಡಿದ್ದ ಸೆಕೆಂಡ್ ಹ್ಯಾಂಡ್ ಲ್ಯಾಂಡ್ ರೋವರ್ ಒಂದು ಆಗ ಮುಂದೆ ಬಂತು. ಹಗುರ, ಒರಟು, ಸಣ್ಣ ಟೈರು. ದಾರಿ ಕಡಿಯುವವರ ಬೆನ್ನಿಗೇ ಅದು ನುಗ್ಗಿತು. ಹೊಸ ಕಾರುಗಳು ಬಿಡಿಭಾಗಕ್ಕಾಗಿ ಆಕಾಶ ನೋಡುತ್ತ ಕುಳಿತಿದ್ದಾಗ ಹಳೆಯದು ಕಾಡು ಸೀಳುತ್ತಿತ್ತು. ಈ ಸಾಹಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟದ ಪಾತ್ರ ಅದೇ.

ಬಿಡಿಭಾಗ ವಿಮಾನ ಹತ್ತಿ ಬಂತು. ರಿಪೇರಿ ಕೆಸರಲ್ಲೇ ನಡೆಯಿತು. ಅಲ್ಲೊಂದು ಪುಣ್ಯವಿತ್ತು: ರೇಂಜ್ ರೋವರಿನ ಹಿಂದಿನ ಆಕ್ಸಲ್ ಫುಲ್ ಫ್ಲೋಟಿಂಗ್. ಗಾಡಿಯ ಭಾರ ಹೊರುವುದು ಹೌಸಿಂಗ್, ಶಾಫ್ಟಿಗೆ ತಿರುಗಿಸುವುದೊಂದೇ ಕೆಲಸ. ಹಬ್ಬಿನ ಬೋಲ್ಟ್ ಬಿಚ್ಚಿ ಹಾಫ್ ಶಾಫ್ಟನ್ನು ಹೊರಗೆಳೆದರೆ ಚಕ್ರ ನಿಂತಲ್ಲೇ ನಿಂತಿರುತ್ತದೆ. ಹೊಟ್ಟೆಯಡಿ ನುಸುಳಿ ಡಿಫರೆನ್ಷಿಯಲ್ ಇಳಿಸಬಹುದು, ಹೊಸದನ್ನು ಏರಿಸಬಹುದು.

ಮತ್ತೆ ಹೊರಟರು. ಕೊರಕಲಿಗೆ ಅಲ್ಯುಮಿನಿಯಂ ಏಣಿ ಹಾಸಿದರು, ಅದರ ಮೇಲೆ ಇಂಚಿಂಚಾಗಿ ಗಾಡಿ ಹತ್ತಿಸಿದರು. ಹೊಳೆ ಬಂದರೆ ಗಾಳಿ ತುಂಬಿದ ತೆಪ್ಪ. ದಡ ಕಡಿದಾಗಿದ್ದರೆ ವಿಂಚಿನ ಹಗ್ಗ ಮರಕ್ಕೆ. ಸರಾಸರಿ ದಿನಕ್ಕೆ ನಾಲ್ಕು ಕಿಲೋಮೀಟರ್. ಸುಮಾರು ನೂರು ದಿನ! ಏಪ್ರಿಲ್ ಮುಗಿಯುವ ಮೊದಲು ಕೊಲಂಬಿಯಾದ ರಸ್ತೆ ಸಿಕ್ಕಿತು. ಜೂನಿನಲ್ಲಿ ದಕ್ಷಿಣ ಅಮೆರಿಕದ ತುತ್ತತುದಿ, ಉಶುವಾಯಾ.

ಈಗ ಸಕಲೇಶಪುರಕ್ಕೆ ಬನ್ನಿ.

ಸೋಮವಾರದಿಂದ ಶುಕ್ರವಾರ ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಉಸಿರುಗಟ್ಟಿ ನಿಲ್ಲುವ ಥಾರ್, ಶನಿವಾರ ಬೆಳಗ್ಗೆ ಬಿಸಿಲೆಯ ಕಡೆಗೆ ಮೂತಿ ತಿರುಗಿಸುತ್ತದೆ. ಮಾಲೀಕನ ಮೊದಲ ಖರೀದಿ ಏನು? ಟೈರು. ಡೇರಿಯನ್ ದಂಡು ಬಿದ್ದ ಗುಂಡಿಗೇ ಅವನೂ ದುಡ್ಡು ಕೊಟ್ಟು ಇಳಿಯುತ್ತಾನೆ.

2010ರ ಥಾರ್‌ನ ಟೈರು 235/70 ಆರ್16. ಎತ್ತರ ಹತ್ತಿರಹತ್ತಿರ 29 ಇಂಚು. 31 ಇಂಚಿನದು ಹಾಕಿದರೆ ಎರಡು ಇಂಚು ಲಾಭವೆಂದು ಕುಣಿಯುತ್ತಾರೆ. ಇಲ್ಲ! ಚಕ್ರದ ನಡುಬಿಂದು ಏರುವುದು ಅದರ ಅರ್ಧ. ಕಲ್ಲಿಗೆ ತಾಗುವ ಹಿಂದಿನ ಡಿಫರೆನ್ಷಿಯಲ್ ಉಬ್ಬಿಗೆ ದಕ್ಕುವುದು ಒಂದೇ ಇಂಚು. ಸ್ಪ್ರಿಂಗ್ ಎತ್ತರಿಸಿದರೆ ಆ ಉಬ್ಬು ಕೂದಲಷ್ಟೂ ಮೇಲೇಳದು. ಬರೀ ಬಾಡಿ ಏರುತ್ತದೆ, ತಿರುವಿನಲ್ಲಿ ಓಲಾಡುತ್ತದೆ.

ಆ ಒಂದು ಇಂಚಿಗೆ ಕೊಡುವ ಬೆಲೆ ಕೇಳಿ. ಗೇರಿಂಗ್ ಶೇ 7ರಷ್ಟು ಉದ್ದವಾಗುತ್ತದೆ, ಶಿರಾಡಿ ಏರಿನಲ್ಲಿ ಗಾಡಿ ಏದುಸಿರು ಬಿಡುತ್ತದೆ. ಸ್ಪೀಡೋಮೀಟರ್ 80 ಎನ್ನುವಾಗ ನೀವು 85 ದಾಟಿರುತ್ತೀರಿ. ಬ್ರೇಕು ಹಳೆಯದೇ, ನಿಲ್ಲಿಸಬೇಕಾದ ಚಕ್ರ ಹೊಸದು, ಭಾರದ್ದು. ದಿನನಿತ್ಯ ಆಫೀಸಿಗೆ ಹೋಗುವ ಗಾಡಿಗೆ ಇದೇ ದೊಡ್ಡ ಗಂಡಾಂತರ, ಕಾಡಲ್ಲ. ಮೇಲಿಂದ ಕಾನೂನು: ತಯಾರಕರು ಹೇಳಿದ್ದಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ.

ಹಾಗಾದರೆ ಕೆಲಸ ಶುರುವಾಗಬೇಕಾದದ್ದು ಒಳಗಿನಿಂದ. ಮೊದಲು ಶಾಫ್ಟು, ಬೇರಿಂಗು, ಸೀಲು. ಆಮೇಲೆ ಡಿಫರೆನ್ಷಿಯಲ್ ಲಾಕ್; 2015ರ ಥಾರ್‌ನಲ್ಲಿ ಹಿಂದಿನ ಆಕ್ಸಲ್‌ಗೆ ಕಂಪನಿಯೇ ಅದನ್ನು ಕೊಟ್ಟಿತು. ಎರಡೂ ಚಕ್ರ ಒಟ್ಟಿಗೆ ತಿರುಗಿದರೆ ಹಳೆಯ ಟೈರೇ ಅರ್ಧ ಬೆಟ್ಟ ಹತ್ತಿಸುತ್ತದೆ. ಬೇಕಿದ್ದರೆ ಕ್ರೌನ್-ಪಿನಿಯನ್ ಬದಲಿಸಿ ಗೇರಿಂಗ್ ಗಿಡ್ಡ ಮಾಡಿ. ವಿಲ್ಲಿಸ್ ಕಾಲದ ಜೀಪಿನಲ್ಲಿ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಬರೀ ಅರುವತ್ತು ಕುದುರೆಶಕ್ತಿಯ ಎಂಜಿನ್ ಅದೇ ಬಲದಲ್ಲಿ ಗುಡ್ಡ ತೆವಳುತ್ತಿತ್ತು. ಟೈರು ಕಟ್ಟಕಡೆಗೆ.

ಆದರೆ ಆ ಹಳೆಯ ಜೀಪಿನ ಹೊಟ್ಟೆಯಲ್ಲೂ ಒಂದು ಮೋಸ ಅಡಗಿದೆ.

ಕೊಡಚಾದ್ರಿ ಏರು, ಅಕ್ಟೋಬರಿನ ಮಳೆ. ದಿನಾ ಯಾತ್ರಿಕರನ್ನು ಹೊತ್ತು ಹತ್ತಿಳಿಯುವ ಜೀಪು. ಹಿಂದೆ ಎಂಟು ಜನ, ಮುಂದೆ ನಾನು. ಫೋರ್ ವೀಲ್ ಹಾಕಿಯಾಗಿದೆ, ಲೋ ಗೇರ್. ಕೆಂಪು ಮಣ್ಣು ಕೊಚ್ಚಿ ಹೋಗಿ ಮೊಣಕಾಲುದ್ದ ಕಲ್ಲುಗಳು ಎದ್ದು ನಿಂತಿವೆ. ಹಿಂದಿನ ಎಡ ಚಕ್ರ ಗಾಳಿಯಲ್ಲಿ ಸುತ್ತಿತು, ಧೊಪ್ಪೆಂದು ಬಂಡೆಗೆ ಬಿತ್ತು.

ಟಣ್!

ಹಿಂಬದಿ ಎಳೆತ ಸತ್ತುಹೋಯಿತು. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ, ಮುಂದಿನ ಚಕ್ರಗಳು ಕೆಸರಲ್ಲಿ ಬರಿದೇ ಕೆರೆದವು. ಜೀಪು ಹಿಮ್ಮುಖವಾಗಿ ಜಾರಿತು. ಬಲಕ್ಕೆ ಕಂದರ.

ಡ್ರೈವರ್ ಹ್ಯಾಂಡ್‌ಬ್ರೇಕ್ ಮುಟ್ಟಲಿಲ್ಲ. ಆ ಜೀಪಿನಲ್ಲಿ ಅದು ಹಿಡಿಯುವುದು ಚಕ್ರವನ್ನಲ್ಲ, ಪ್ರೊಪೆಲ್ಲರ್ ಶಾಫ್ಟನ್ನು. ಹಾಫ್ ಶಾಫ್ಟ್ ತುಂಡಾದ ಮೇಲೆ ಹಿಂದಿನ ಚಕ್ರಗಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಕಾಲಿನ ಬ್ರೇಕನ್ನು ಎರಡೂ ಪಾದದಿಂದ ಒತ್ತಿ ಎದ್ದು ನಿಂತ.

"ಸಾರ್, ಇಳೀರಿ! ಹಿಂದ್ಗಡೆ ಚಕ್ರಕ್ಕೆ ಕಲ್ಲು ಕೊಡಿ ಮಾರಾಯ್ರೆ, ಬೇಗ!"

ಧುಮುಕಿದೆ. ಕಲ್ಲು ಕೊಟ್ಟೆ, ಜಾರಿತು. ಇನ್ನೊಂದು ಕೊಟ್ಟೆ, ದೊಡ್ಡದು. ನಿಂತಿತು.

ಯಾತ್ರಿಕರು ಮರದಡಿ ಸೇರಿದರು. ಅವನು ಸೀಟಿನಡಿಯಿಂದ ಗೋಣಿಯಲ್ಲಿ ಸುತ್ತಿದ ಹಳೆಯ ಹಾಫ್ ಶಾಫ್ಟ್ ತೆಗೆದ. ಚಕ್ರ, ಡ್ರಮ್ಮು ಬಿಚ್ಚಿ ಎಳೆದರೆ ಮುಕ್ಕಾಲು ಭಾಗ ಕೈಗೆ ಬಂತು. ಉಳಿದ ಮೋಟು ಹೌಸಿಂಗ್ ಆಳದಲ್ಲಿ ಕಚ್ಚಿಕೊಂಡಿತ್ತು. ಅದು ಬಾರದೆ ಹೊಸದು ಕೂರುವುದಿಲ್ಲ.

ಬೇಲಿಯ ಕಂಬಕ್ಕೆ ಸುತ್ತಿದ್ದ ತಂತಿ ಬಿಚ್ಚಿದ, ಕುಣಿಕೆ ಮಾಡಿದ, ಮಂಡಿಯೂರಿ ಕತ್ತಲ ಕೊಳವೆಗೆ ಇಳಿಬಿಟ್ಟ. ತಪ್ಪಿತು. ಮತ್ತೆ ತಪ್ಪಿತು. ಗೇರ್ ಆಯಿಲ್ ಮೊಣಕೈವರೆಗೆ ಇಳಿಯಿತು. ನಾನು ಟಾರ್ಚ್ ಹಿಡಿದೆ, ಮಳೆ ಹಿಡಿದ ಬೆಳಕನ್ನೂ ತೊಳೆಯುತ್ತಿತ್ತು. ಮತ್ತೊಂದು ಸಲ ಕುಣಿಕೆ ಬಿಗಿಯಿತು. ತಿರುಚಿ ಎಳೆದ, ಬೆರಳುದ್ದದ ಕಬ್ಬಿಣ ಹೊರಬಂತು. ಮುರಿದ ಮುಖದ ಅರ್ಧ ಹೊಳೆಯುತ್ತಿತ್ತು, ಅರ್ಧ ಕಪ್ಪಾಗಿತ್ತು. ಬಿರುಕು ಅವತ್ತಿನದಲ್ಲ, ಎಷ್ಟೋ ದಿನದ್ದು.

"ದೊಡ್ಡ ಟೈರು ಹಾಕ್ಸಿದ್ರೆ ಬೇಗ ಹತ್ತಬಹುದಲ್ಲ ಅಣ್ಣಾ?" ಎಂದು ಹಿಂದಿನ ಸೀಟಿನ ಹುಡುಗ ಕೇಳಿದ.

"ಹತ್ಬೋದು ತಮ್ಮಾ. ಇದು ಹೋದ್ವಾರ ಮುರೀತಿತ್ತು, ಅಷ್ಟೇ," ಎಂದವನೇ ಶಾಫ್ಟಿನ ತುದಿಗೆ ಗ್ರೀಸು ಸವರಿ ಒಳಕ್ಕೆ ದೂಡಿದ. ಸ್ಪ್ಲೈನ್ ಕೂತಿತು. ಬೋಲ್ಟ್ ಬಿಗಿದ. ಲೋ ಗೇರ್ ಹಾಕಿ ಕ್ಲಚ್ ಬಿಟ್ಟ.